ಸಾಕ್ಷಿಗೆ ಕರೆದ ಮಾತು: ಪ್ರಬಂಧದಲ್ಲಿ ಉಲ್ಲೇಖದ ಬಳಕೆ ಮತ್ತು ವಿಚಾರಣೆ

ಬೇರೊಬ್ಬರ ಮಾತನ್ನು ಎತ್ತಿ ಬರೆಯುವುದು ಸುಲಭ. ಎತ್ತಿ ಬರೆದ ಮಾತಿಗೆ ನ್ಯಾಯ ಸಲ್ಲಿಸುವುದು ಕಷ್ಟ. ದೈವಶಾಸ್ತ್ರದ ವಿದ್ಯಾರ್ಥಿಗಳು ಸತ್ಯವೇದದ ಭಾಗವೊಂದನ್ನು ಕುರಿತೋ ಸಾಹಿತ್ಯ ಕೃತಿಯೊಂದನ್ನು ಕುರಿತೋ ಬರೆಯುವ ಪ್ರಬಂಧಗಳನ್ನು ಪ್ರತಿವರ್ಷವೂ ಓದುವ ನಮಗೆ ಒಂದು ಕೊರತೆ ಮತ್ತೆ ಮತ್ತೆ ಎದುರಾಗುತ್ತದೆ. ಉಲ್ಲೇಖಗಳು ಹೇರಳವಾಗಿರುತ್ತವೆ, ಅವುಗಳ ವಿಚಾರಣೆ ವಿರಳವಾಗಿರುತ್ತದೆ. ಲೇಖಕನು ಒಂದು ಅಭಿಪ್ರಾಯವನ್ನು ಹೇಳುತ್ತಾನೆ, ಅದರ ಕೆಳಗೆ ನಾಲ್ಕು ಸಾಲುಗಳನ್ನು ಇಳಿಸುತ್ತಾನೆ, ಕೂಡಲೇ ಮುಂದಿನ ಅಭಿಪ್ರಾಯಕ್ಕೆ ಹೋಗುತ್ತಾನೆ. ಆ ನಾಲ್ಕು ಸಾಲುಗಳು ಅಲ್ಲಿ ಏನು ಮಾಡುತ್ತಿವೆ ಎಂಬುದನ್ನು ಓದುಗನೇ ಊಹಿಸಿಕೊಳ್ಳಬೇಕಾಗುತ್ತದೆ.

ಇದು ಕೇವಲ ಬರವಣಿಗೆಯ ಶಿಸ್ತಿಗೆ ಸಂಬಂಧಿಸಿದ ವಿಷಯವಲ್ಲವೆಂಬುದನ್ನು ನಮಗೆ ಕಲಿಸಿದ್ದು ತರಗತಿಯಲ್ಲ, ಒಂದು ಸಾವಿನ ಮನೆ. ಹರೆಯದ ಮಗನನ್ನು ಕಳೆದುಕೊಂಡಿದ್ದ ಕುಟುಂಬವನ್ನು ಸಂತೈಸಲು ನಾವು ಹೋಗಿದ್ದೆವು. ಆ ಮನೆಯ ಗೋಡೆಯಲ್ಲಿ ಚೌಕಟ್ಟು ಹಾಕಿಸಿದ ವಾಗ್ದಾನದ ವಚನವೊಂದು ತೂಗುತ್ತಿತ್ತು. ಮೊದಲ ಸ್ಥಿತಿ ಅಲ್ಪವಾಗಿದ್ದರೂ ಕೊನೆಯ ಸ್ಥಿತಿ ಬಹಳ ವೃದ್ಧಿಯಾಗುವುದೆಂಬ ಅರ್ಥದ, ಯೋಬನ ಗ್ರಂಥದ 8ನೆಯ ಅಧ್ಯಾಯದ 7ನೆಯ ವಚನ ಅದು. ಆ ತಾಯಿ ಸಮಾಧಾನವನ್ನು ಅರಸುತ್ತಾ ತಮ್ಮ ಪುಸ್ತಕವನ್ನು ತೆರೆದು ಆ ಅಧ್ಯಾಯವನ್ನು ಮೊದಲಿನಿಂದ ಓದಿದ್ದರು. ಗೋಡೆಯ ವಚನಕ್ಕಿಂತ ಮೂರು ವಚನ ಮೇಲೆ, ಯೋಬನ ಮಕ್ಕಳು ಸತ್ತದ್ದು ಅವರ ಪಾಪದ ಫಲವೆಂಬ ಮಾತು ಅವರ ಕಣ್ಣಿಗೆ ಬಿತ್ತು. "ಅಯ್ನೋರೇ, ಗೋಡೆಯ ಮೇಲಿರುವುದು ದೇವರ ಮಾತಾದರೆ ಇದೂ ದೇವರ ಮಾತೇ ಅಲ್ಲವೇ?" ಎಂದು ಅವರು ಕೇಳಿದರು.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಉಲ್ಲೇಖವೆಂದರೇನು ಎಂಬುದನ್ನು ಮೊದಲು ತಿಳಿದಿರಬೇಕು. ಈ ಲೇಖನದಲ್ಲಿ ನಾವು ಅದನ್ನು ಕೆಲವು ಉದಾಹರಣೆಗಳ ಮೂಲಕ ಪರಿಶೀಲಿಸೋಣ. ಉದಾಹರಣೆಗಳು ಬಹುಮಟ್ಟಿಗೆ ಸತ್ಯವೇದದವು; ಆದರೆ ವಿಧಾನವು ಕಾವ್ಯ, ಕಾದಂಬರಿ, ನಾಟಕಗಳನ್ನು ಕುರಿತ ಪ್ರಬಂಧಕ್ಕೂ ಹಾಗೆಯೇ ಅನ್ವಯಿಸುತ್ತದೆ.

1. ಉಲ್ಲೇಖವು ಸಾಕ್ಷಿ

ಉಲ್ಲೇಖವನ್ನು ಕೆಲವರು ಆಭರಣವೆಂದು ಭಾವಿಸುತ್ತಾರೆ, ಕೆಲವರು ಊರುಗೋಲೆಂದು. ಅದನ್ನು ಸಾಕ್ಷಿ ಎಂದು ಭಾವಿಸುವುದು ಹೆಚ್ಚು ಸರಿ. ಧರ್ಮೋಪದೇಶಕಾಂಡದ 19ನೆಯ ಅಧ್ಯಾಯವು ಒಂದು ಆಪಾದನೆಯನ್ನು ಸ್ಥಾಪಿಸಲು ಎರಡು ಮೂರು ಸಾಕ್ಷಿಗಳು ಬೇಕೆಂದು ವಿಧಿಸುತ್ತದೆ. ಆದರೆ ವಿಧಿ ಅಲ್ಲಿಗೇ ನಿಲ್ಲುವುದಿಲ್ಲ. ನ್ಯಾಯಾಧಿಪತಿಗಳು ಸಾಕ್ಷಿಯನ್ನು ಚೆನ್ನಾಗಿ ವಿಚಾರಿಸಬೇಕೆಂದೂ ಅದೇ ಅಧ್ಯಾಯವು ಹೇಳುತ್ತದೆ. ಸಾಕ್ಷಿಯನ್ನು ಕರೆತಂದ ಮಾತ್ರಕ್ಕೆ ಸತ್ಯವು ಸ್ಥಾಪಿತವಾಗುವುದಿಲ್ಲ, ವಿಚಾರಣೆಯಿಂದ ಸ್ಥಾಪಿತವಾಗುತ್ತದೆ.

ಹೀಗೆ ನೋಡಿದರೆ ಪ್ರಬಂಧಕಾರನ ಮುಂದೆ ಮೂರು ಕೆಲಸಗಳಿವೆ. ಮೊದಲನೆಯದು, ಸಾಕ್ಷಿಯನ್ನು ಪರಿಚಯಿಸುವುದು: ಮಾತನಾಡುವವರು ಯಾರು, ಯಾರೊಡನೆ, ಯಾವ ಸಂದರ್ಭದಲ್ಲಿ ಎಂದು ತಿಳಿಸುವುದು. ಎರಡನೆಯದು, ಸಾಕ್ಷಿಗೆ ತನ್ನ ಮಾತನ್ನೇ ಆಡಗೊಡುವುದು: ಅದನ್ನು ತಿರುಚದೆ, ತನಗೆ ಬೇಕಾದಲ್ಲಿ ಕತ್ತರಿಸದೆ ಮುಂದಿಡುವುದು. ಮೂರನೆಯದು, ವಿಚಾರಿಸುವುದು: ಆ ಮಾತಿನ ಯಾವ ಪದ, ಯಾವ ಕ್ರಮ, ಯಾವ ಮೌನ ನಮ್ಮ ವಾದವನ್ನು ಸಮರ್ಥಿಸುತ್ತದೆ ಎಂದು ತೋರಿಸುವುದು. ವಿದ್ಯಾರ್ಥಿಗಳಲ್ಲಿ ಅನೇಕರು ಎರಡನೆಯದನ್ನು ಮಾತ್ರ ಮಾಡಿ ಮೊದಲನೆಯದನ್ನೂ ಮೂರನೆಯದನ್ನೂ ಬಿಡುತ್ತಾರೆ.

2. ಮಾತನಾಡುವವರು ಯಾರು?

ಯೋಬನ ಗ್ರಂಥಕ್ಕೆ ಹಿಂದಿರುಗೋಣ. 8ನೆಯ ಅಧ್ಯಾಯದಲ್ಲಿ ಮಾತನಾಡುವವನು ದೇವರಲ್ಲ, ಯೋಬನೂ ಅಲ್ಲ, ಶೂಹ್ಯನಾದ ಬಿಲ್ದದನು. ಯೋಬನ ಮೂವರು ಸ್ನೇಹಿತರಲ್ಲಿ ಅವನು ಎರಡನೆಯವನು. ಕಷ್ಟವೆಲ್ಲವೂ ಪಾಪದ ಫಲ, ಒಳಿತೆಲ್ಲವೂ ನೀತಿಯ ಫಲ ಎಂಬುದು ಅವನ ಸಿದ್ಧಾಂತ. ವೃದ್ಧಿಯ ಮಾತು ಅವನ ಬಾಯಲ್ಲಿ ಬೇಷರತ್ತಾದ ವಾಗ್ದಾನವಾಗಿ ಬರುವುದಿಲ್ಲ. ಯೋಬನು ಶುದ್ಧನಾಗಿದ್ದರೆ, ದೇವರನ್ನು ಬೇಡಿಕೊಂಡರೆ ಎಂಬ ಷರತ್ತಿನೊಂದಿಗೆ ಬರುತ್ತದೆ. ಆ ಷರತ್ತಿನ ಹಿಂದೆ ಅವನು ಈಗ ಶುದ್ಧನಲ್ಲವೆಂಬ ಆಪಾದನೆ ಅಡಗಿದೆ. ಗ್ರಂಥದ ಕೊನೆಯಲ್ಲಿ, 42ನೆಯ ಅಧ್ಯಾಯದಲ್ಲಿ, ಈ ಸ್ನೇಹಿತರು ತನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಲಿಲ್ಲವೆಂದು ದೇವರೇ ತೀರ್ಪು ಕೊಡುತ್ತಾನೆ. ಗ್ರಂಥವು ಬಿಲ್ದದನ ಮಾತನ್ನು ವರದಿಮಾಡುತ್ತದೆ, ಅನುಮೋದಿಸುವುದಿಲ್ಲ.

ಸಾಹಿತ್ಯ ವಿಮರ್ಶೆಯಲ್ಲಿ ಇದು ಮೊದಲ ಪಾಠ: ಪಾತ್ರದ ಮಾತು ಕೃತಿಯ ಮಾತಲ್ಲ, ನಿರೂಪಕನ ಮಾತು ಲೇಖಕನ ಮಾತಾಗಿರಲೇಬೇಕೆಂದಿಲ್ಲ. ನಾಟಕದ ಖಳನಾಯಕನ ವಾಕ್ಯವನ್ನು ಎತ್ತಿ, ನಾಟಕಕಾರನ ಅಭಿಪ್ರಾಯ ಹೀಗಿತ್ತು ಎಂದು ಬರೆಯುವವನು ಮಾಡುವ ತಪ್ಪನ್ನೇ ಬಿಲ್ದದನ ಮಾತಿಗೆ ಚೌಕಟ್ಟು ಹಾಕಿಸುವವನೂ ಮಾಡುತ್ತಾನೆ.

ಆದರೆ ಇಲ್ಲಿಯೂ ಆತುರ ಸಲ್ಲದು. ಸ್ನೇಹಿತರ ಮಾತುಗಳೆಲ್ಲವೂ ಅಸತ್ಯವೆಂದು ತಳ್ಳಿಹಾಕಲಾಗದು. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ, ದೇವರು ಜ್ಞಾನಿಗಳನ್ನು ಅವರ ತಂತ್ರದಲ್ಲಿಯೇ ಸಿಕ್ಕಿಸುತ್ತಾನೆಂಬ ಮಾತನ್ನು ಯೋಬನ ಗ್ರಂಥದಿಂದ ಉಲ್ಲೇಖಿಸುತ್ತಾನೆ. ಮೂಲದಲ್ಲಿ ಅದನ್ನು ಆಡಿದವನು ಇನ್ನೊಬ್ಬ ಸ್ನೇಹಿತನಾದ ಎಲೀಫಜನು. ಸಾಮಾನ್ಯ ಸತ್ಯವನ್ನು ತಪ್ಪಾದ ವ್ಯಕ್ತಿಯ ಮೇಲೆ ಪ್ರಯೋಗಿಸಿದ್ದು ಎಲೀಫಜನ ದೋಷವಾಗಿರಬಹುದು. ಆ ಸತ್ಯವೇ ದೋಷವಾಗಿರಬೇಕಾಗಿಲ್ಲ. ಆದ್ದರಿಂದ ಮಾತನಾಡುವವನನ್ನು ಗುರುತಿಸುವುದು ವಿಚಾರಣೆಯ ಆರಂಭ, ಮುಕ್ತಾಯವಲ್ಲ. ಇಂಥವನು ಹೇಳಿದನು ಎಂದ ಮೇಲೆ, ಅವನು ಹೇಳಿದ್ದರಿಂದ ಈ ಮಾತಿನ ತೂಕ ಹೇಗೆ ಬದಲಾಗುತ್ತದೆ ಎಂಬುದನ್ನೂ ಪ್ರಬಂಧಕಾರನು ಹೇಳಬೇಕು.

3. ಮಾತು ಎಲ್ಲಿ ಮೊದಲಾಗುತ್ತದೆ, ಎಲ್ಲಿ ಮುಗಿಯುತ್ತದೆ?

ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಂದಿನ ಉದ್ಧರಣ ಚಿಹ್ನೆಗಳಿರಲಿಲ್ಲ. ಆದುದರಿಂದ ಮಾತಿನ ಎಲ್ಲೆಯನ್ನು ಗುರುತಿಸುವುದೇ ಒಂದು ವ್ಯಾಖ್ಯಾನ. ಯೋಹಾನನ ಸುವಾರ್ತೆಯ 3ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ನಿಕೊದೇಮನೊಡನೆ ಮಾತನಾಡುತ್ತಾನೆ. ಆ ಮಾತು 15ನೆಯ ವಚನಕ್ಕೆ ಮುಗಿಯುತ್ತದೆಯೋ 21ನೆಯ ವಚನದವರೆಗೂ ನಡೆಯುತ್ತದೆಯೋ ಎಂಬ ವಿಷಯದಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಮೊದಲಿನಂತೆ ಓದಿದರೆ, ಎಲ್ಲರಿಗೂ ಬಾಯಿಪಾಠವಾಗಿರುವ 16ನೆಯ ವಚನವು ಸುವಾರ್ತಿಕನ ಧ್ಯಾನವಾಗುತ್ತದೆ; ಎರಡನೆಯದರಂತೆ ಓದಿದರೆ ಯೇಸುವಿನ ನೇರ ನುಡಿಯಾಗುತ್ತದೆ.

ಕನ್ನಡದಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ನಮ್ಮ ನುಡಿಯಲ್ಲಿ 'ಎಂದು', 'ಎಂಬ', 'ಎಂದನು' ಎಂಬ ರೂಪಗಳು ಸಾಮಾನ್ಯವಾಗಿ ಆಡಿದ ಮಾತಿನ ಹಿಂದೆ ಬಂದು ಅದನ್ನು ಮುಚ್ಚುತ್ತವೆ. ಚಿಹ್ನೆಯಿಲ್ಲದಿದ್ದರೂ 'ಎಂದು' ಬಂದೊಡನೆ ಮಾತು ಮುಗಿಯಿತೆಂದು ಕೇಳುಗನಿಗೆ ತಿಳಿಯುತ್ತದೆ. ಆದ್ದರಿಂದ ಕನ್ನಡ ಅನುವಾದಕನು ಈ ಪದವನ್ನು ಎಲ್ಲಿಡುತ್ತಾನೋ ಅಲ್ಲಿ ಅವನ ವ್ಯಾಖ್ಯಾನವೂ ಇರುತ್ತದೆ. ನೇರ ಮಾತಿಗೂ ವರದಿಯ ಮಾತಿಗೂ ಇರುವ ಗೆರೆಯೂ ಕನ್ನಡದಲ್ಲಿ ತೆಳುವಾದುದು. 'ನಾನು ಬರುತ್ತೇನೆ ಎಂದನು' ಎಂಬುದು ಆಡಿದವನ ಮಾತು; 'ತಾನು ಬರುವುದಾಗಿ ಹೇಳಿದನು' ಎಂಬುದು ನಮ್ಮ ಸಾರಾಂಶ. ಸಾರಾಂಶವನ್ನು ಉದ್ಧರಣ ಚಿಹ್ನೆಯೊಳಗೆ ಇಡುವುದು ಪ್ರಬಂಧಗಳಲ್ಲಿ ಕಾಣುವ ಸಾಮಾನ್ಯ ದೋಷ. ಚಿಹ್ನೆಯೊಳಗಿನದು ಅಕ್ಷರಶಃ ಮೂಲದ್ದಾಗಿರಬೇಕು.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 7ನೆಯ ಅಧ್ಯಾಯದ ಆರಂಭವೂ ಇಂಥದ್ದೇ. ಪುರುಷನು ಸ್ತ್ರೀಸಂಬಂಧದಿಂದ ದೂರವಿರುವುದು ಒಳ್ಳೆಯದೆಂಬ ಮಾತು ಅಲ್ಲಿದೆ. ಅದು ಪೌಲನ ಸ್ವಂತ ಬೋಧನೆಯೋ, ಅಥವಾ ಕೊರಿಂಥದವರು ತಮ್ಮ ಕಾಗದದಲ್ಲಿ ಬರೆದಿದ್ದ ಮಾತನ್ನು ಅವನು ಎತ್ತಿಕೊಂಡು ತಿದ್ದುತ್ತಿದ್ದಾನೋ? ಅವರು ಬರೆದ ವಿಷಯಗಳಿಗೆ ಉತ್ತರಿಸುತ್ತಿರುವುದಾಗಿ ಅವನೇ ಅಲ್ಲಿ ಹೇಳುವುದರಿಂದ ಇಂದಿನ ಅನೇಕ ವ್ಯಾಖ್ಯಾನಕಾರರು ಎರಡನೆಯದನ್ನು ಒಪ್ಪುತ್ತಾರೆ. ವಿವಾಹವನ್ನು ಕುರಿತ ಸಭೆಯ ಬೋಧನೆಯಲ್ಲಿ ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಎಲ್ಲೆಯ ಪ್ರಶ್ನೆಗೆ ಅತ್ಯಂತ ತೀಕ್ಷ್ಣವಾದ ಉದಾಹರಣೆ ಶೋಧನೆಯ ವೃತ್ತಾಂತದಲ್ಲಿದೆ. ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಸೈತಾನನು 91ನೆಯ ಕೀರ್ತನೆಯ 11 ಮತ್ತು 12ನೆಯ ವಚನಗಳನ್ನು ಉಲ್ಲೇಖಿಸುತ್ತಾನೆ. ಕೀರ್ತನೆಯಲ್ಲಿ ದೂತರು ನಂಬುವವನನ್ನು ಅವನ ಎಲ್ಲಾ ಮಾರ್ಗಗಳಲ್ಲಿಯೂ ಕಾಯುವರೆಂಬ ಮಾತಿದೆ. ಸೈತಾನನ ಉಲ್ಲೇಖದಲ್ಲಿ ಆ ಭಾಗವಿಲ್ಲ. ಸರ್ಪವನ್ನು ತುಳಿಯುವ ಮಾತಿರುವ 13ನೆಯ ವಚನಕ್ಕೆ ಮೊದಲೇ ಅವನು ನಿಲ್ಲುತ್ತಾನೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದು ಭಾಗವನ್ನು ಬಿಟ್ಟ ಮಾತ್ರಕ್ಕೆ ಉಲ್ಲೇಖವು ಮೋಸವಾಗುವುದಿಲ್ಲ. ಹೊಸ ಒಡಂಬಡಿಕೆಯ ಲೇಖಕರೂ ವಚನಗಳನ್ನು ಸಂಕ್ಷೇಪಿಸುತ್ತಾರೆ. ಸೈತಾನನ ಮೋಸವು ಬಿಟ್ಟ ಪದಗಳಿಗಿಂತ ಆಳದಲ್ಲಿದೆ. ದೇವರನ್ನು ಆಶ್ರಯಿಸಿದವನ ಭರವಸೆಯನ್ನು ಹಾಡುವ ಕೀರ್ತನೆಯನ್ನು ಅವನು ದೇವರನ್ನು ಪರೀಕ್ಷಿಸುವ ಸಾಧನವನ್ನಾಗಿ ಮಾಡುತ್ತಾನೆ. ಪದಗಳು ಮೂಲದವೇ, ಉದ್ದೇಶ ಮಾತ್ರ ಮೂಲಕ್ಕೆ ವಿರುದ್ಧ. ಯೇಸುಸ್ವಾಮಿ ಅದಕ್ಕೆ ಉತ್ತರವಾಗಿ ಎತ್ತುವುದು ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದ ವಚನವನ್ನು. ಅದು ಇಸ್ರಾಯೇಲ್ಯರು ಮಸ್ಸಾದಲ್ಲಿ ನೀರಿಗಾಗಿ ದೇವರನ್ನು ಪರೀಕ್ಷಿಸಿದ ಸಂದರ್ಭವನ್ನು ನೆನಪಿಸುವ ವಚನ. ಅರಣ್ಯದಲ್ಲಿ ಹಸಿದು ನಿಂತವನು ಅರಣ್ಯದಲ್ಲಿ ಸೋತವರ ಕಥೆಯಿಂದ ಮಾತನ್ನು ಎತ್ತುತ್ತಾನೆ. ಅವನ ಉಲ್ಲೇಖವು ತನ್ನ ಸಂದರ್ಭವನ್ನು ಜೊತೆಯಲ್ಲಿಯೇ ತರುತ್ತದೆ. ಸೈತಾನನದು ಸಂದರ್ಭವನ್ನು ಹಿಂದೆ ಬಿಟ್ಟು ಬರುತ್ತದೆ.

4. ಪದವನ್ನು ತೂಗುವುದು

ವಿಚಾರಣೆ ಎಂದರೆ ಉಲ್ಲೇಖವನ್ನು ಬೇರೆ ಪದಗಳಲ್ಲಿ ಮತ್ತೆ ಹೇಳುವುದಲ್ಲ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ತಪ್ಪಿಹೋದ ಮಗನ ಸಾಮ್ಯವನ್ನು ತೆಗೆದುಕೊಳ್ಳೋಣ. ಹಿರಿಯ ಮಗನ ಮಾತನ್ನು ಉಲ್ಲೇಖಿಸಿ, ಇದರಿಂದ ಅವನಿಗೆ ಕೋಪ ಬಂದಿತ್ತೆಂದು ತಿಳಿಯುತ್ತದೆ ಎಂದು ಬರೆದರೆ ನಾವು ಏನನ್ನೂ ವಿಶ್ಲೇಷಿಸಿದಂತಾಗಲಿಲ್ಲ. ಅವನಿಗೆ ಕೋಪ ಬಂದಿತೆಂದು ಸುವಾರ್ತಿಕನೇ ಹೇಳಿದ್ದಾನೆ.

ಪದಗಳನ್ನು ತೂಗಿದರೆ ಬೇರೆಯದೇ ಕಾಣುತ್ತದೆ. ಕಿರಿಯವನು ಮನೆ ಬಿಡುವಾಗಲೂ ಹಿಂದಿರುಗುವಾಗಲೂ ತಂದೆಯನ್ನು ತಂದೆಯೆಂದೇ ಕರೆಯುತ್ತಾನೆ. ಮನೆಯಲ್ಲಿಯೇ ಉಳಿದ ಹಿರಿಯವನು 29ನೆಯ ವಚನದಲ್ಲಿ ಆ ಸಂಬೋಧನೆಯಿಲ್ಲದೆ ಮಾತನ್ನು ಆರಂಭಿಸಿ, ತನ್ನ ಸೇವೆಯ ಲೆಕ್ಕವನ್ನು ಒಪ್ಪಿಸುತ್ತಾನೆ. ತಮ್ಮನನ್ನು ಅವನು ತಮ್ಮನೆನ್ನುವುದಿಲ್ಲ. ತಂದೆಯ ಮಗನೆಂದು ಬೊಟ್ಟುಮಾಡುತ್ತಾನೆ. ಮಗನು ತಪ್ಪು ಮಾಡಿದಾಗ ತಾಯಿ ತಂದೆಯ ಕಡೆ ತಿರುಗಿ 'ನೋಡಿ, ನಿಮ್ಮ ಮಗ' ಎನ್ನುವ ಮನೆಗಳಲ್ಲಿ ಬೆಳೆದ ನಮಗೆ ಈ ಮಾತಿನ ಮೊನೆ ತಿಳಿಯದೆ ಇರದು. ಸಂಬಂಧವಾಚಕವನ್ನು ಬದಲಾಯಿಸಿದರೆ ಸಂಬಂಧವನ್ನೇ ಕಳಚಿದಂತೆ. ತಂದೆ ವಾದಕ್ಕಿಳಿಯುವುದಿಲ್ಲ. 32ನೆಯ ವಚನದಲ್ಲಿ ಅವನು ಬಂದವನನ್ನು ಹಿರಿಯವನ ತಮ್ಮನೆಂದೇ ಹೆಸರಿಸಿ, ಕಳಚಿದ ಕೊಂಡಿಯನ್ನು ಮತ್ತೆ ಸಿಕ್ಕಿಸುತ್ತಾನೆ. ಸಾಮ್ಯದ ದೈವಶಾಸ್ತ್ರವು ಈ ಒಂದು ಪದದ ಬದಲಾವಣೆಯಲ್ಲಿದೆ: ತಮ್ಮನನ್ನು ಒಪ್ಪದವನು ತಂದೆಗೂ ದೂರನಾಗುತ್ತಾನೆ.

ಮೌನವನ್ನೂ ತೂಗಬೇಕು. ಕಿರಿಯವನು ದೂರದೇಶದಲ್ಲಿ ಸಿದ್ಧಪಡಿಸಿಕೊಂಡ ಮಾತಿನಲ್ಲಿ ತನ್ನನ್ನು ಕೂಲಿಯಾಳಿನಂತೆ ಇಟ್ಟುಕೊಳ್ಳಬೇಕೆಂಬ ಬೇಡಿಕೆಯಿದೆ. ತಂದೆಯ ಮುಂದೆ ಆಡಿದ ಮಾತಿನಲ್ಲಿ ಅದು ಇಲ್ಲ. ತಂದೆ ಅದನ್ನು ಆಡಗೊಡಲಿಲ್ಲವೆಂದು ಅನೇಕರು ವ್ಯಾಖ್ಯಾನಿಸುತ್ತಾರೆ. ಆದರೆ ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ 21ನೆಯ ವಚನದಲ್ಲಿಯೂ ಆ ಬೇಡಿಕೆ ಕಾಣಿಸಿಕೊಳ್ಳುತ್ತದೆ. ಲಿಪಿಕಾರರು 19ನೆಯ ವಚನವನ್ನು ನೋಡಿ ಅದನ್ನು ಸೇರಿಸಿರಬೇಕೆಂಬುದು ಬಹುಮಂದಿ ಸಂಪಾದಕರ ನಿರ್ಣಯ. ಮೌನದ ಮೇಲೆ ವಾದವನ್ನು ಕಟ್ಟುವ ಪ್ರಬಂಧವು ಈ ಪಾಠಾಂತರವನ್ನು ಮುಚ್ಚಿಡಬಾರದು. ಹೇಳಿದರೆ ವಾದವು ತುಸು ತಗ್ಗಬಹುದು, ಆದರೆ ನಿಲ್ಲುತ್ತದೆ. ಮುಚ್ಚಿಟ್ಟರೆ ತಿಳಿದವನ ಒಂದು ಪ್ರಶ್ನೆಗೆ ಬೀಳುತ್ತದೆ.

5. ಅನುವಾದದ ಮೂಲಕ ಬಂದ ಮಾತು

ನಾವು ಉಲ್ಲೇಖಿಸುವ ಬಹುಪಾಲು ಮಾತುಗಳು ಅನುವಾದದ ಮೂಲಕ ಬಂದವು. ಹಬಕ್ಕೂಕನ ಗ್ರಂಥದ 2ನೆಯ ಅಧ್ಯಾಯದ 4ನೆಯ ವಚನವು ನೀತಿವಂತನ ಬದುಕನ್ನು ನಂಬಿಕೆಯೊಡನೆ ಜೋಡಿಸುತ್ತದೆ. ಹೀಬ್ರೂ ಮೂಲದಲ್ಲಿ ಆ ನಂಬಿಕೆ 'ಅವನ' ನಂಬಿಕೆ. ಗ್ರೀಕ್ ಸೆಪ್ಟುವಜಿಂಟ್ ಅನುವಾದದಲ್ಲಿ ಅದು 'ನನ್ನ', ಅಂದರೆ ದೇವರ, ನಂಬಿಗಸ್ತಿಕೆಯಾಗುತ್ತದೆ. ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆಯುವಾಗ ಈ ಎರಡು ಸರ್ವನಾಮಗಳನ್ನೂ ಬಿಟ್ಟು ವಚನವನ್ನು ಉಲ್ಲೇಖಿಸುತ್ತಾನೆ. ಇಬ್ರಿಯರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯದಲ್ಲಿ, ಪ್ರಮುಖ ಹಸ್ತಪ್ರತಿಗಳ ಪ್ರಕಾರ, 'ನನ್ನ' ಎಂಬುದು ನೀತಿವಂತನಿಗೆ ಸೇರುತ್ತದೆ. ಒಂದೇ ವಚನ, ಒಂದು ಸರ್ವನಾಮದ ಸ್ಥಾನ, ಬೇರೆಬೇರೆ ಒತ್ತುಗಳು.

ಹೀಬ್ರೂವಿನ 'ಎಮುನಾ' ಎಂಬ ಪದದಲ್ಲಿ ಸ್ಥಿರತೆ, ನಂಬತಕ್ಕ ಗುಣ ಎಂಬ ಅರ್ಥಗಳು ಪ್ರಧಾನ. ಕನ್ನಡದಲ್ಲಿ 'ನಂಬಿಕೆ' ಎಂದರೆ ನಂಬುವವನ ಮನಸ್ಸು, 'ನಂಬಿಗಸ್ತಿಕೆ' ಎಂದರೆ ನಂಬಿಸಿಕೊಂಡವನ ಗುಣ. ಒಂದೇ ಬೇರಿನ ಈ ಎರಡು ಪದಗಳು ನಮ್ಮಲ್ಲಿರುವುದರಿಂದ ಮೂಲದ ಸಮಸ್ಯೆಯನ್ನು ಕನ್ನಡ ಓದುಗನಿಗೆ ಸ್ಪಷ್ಟವಾಗಿ ತೋರಿಸಬಹುದು. ಆದರೆ ಕನ್ನಡ ಅನುವಾದದ ಒಂದು ಪದವನ್ನೇ ಹಿಡಿದು, ಅದರ ಕನ್ನಡ ವ್ಯುತ್ಪತ್ತಿಯಿಂದ ಪ್ರವಾದಿಯ ಅಭಿಪ್ರಾಯವನ್ನು ಹೊರಡಿಸುವುದು ಸಲ್ಲದು. ಯಾವ ಭಾಷಾಂತರದಿಂದ ಎತ್ತಿದ್ದೇವೆಂದು ತಿಳಿಸಿ, ವಾದವು ಒಂದು ಪದವನ್ನು ಅವಲಂಬಿಸಿದ್ದರೆ ಮೂಲಪದವನ್ನು ನೋಡಿ ಮುಂದುವರಿಯುವುದು ಸರಿಯಾದ ಕ್ರಮ.

6. ಎದುರಾಳಿಯ ಮಾತು

ಒಪ್ಪದವರ ಮಾತನ್ನು ಉಲ್ಲೇಖಿಸುವಾಗ ನಮ್ಮ ಪ್ರಾಮಾಣಿಕತೆ ಪರೀಕ್ಷೆಗೆ ಒಳಗಾಗುತ್ತದೆ. ಎರಡನೆಯ ಶತಮಾನದ ಉತ್ತರಾರ್ಧದಲ್ಲಿ ಸೆಲ್ಸಸ್ ಎಂಬ ಗ್ರೀಕ್ ಚಿಂತಕನು ಕ್ರೈಸ್ತ ವಿಶ್ವಾಸವನ್ನು ಖಂಡಿಸಿ ಒಂದು ಗ್ರಂಥವನ್ನು ಬರೆದನು. ಸುಮಾರು 248ರಲ್ಲಿ ಒರಿಗೆನನು ಎಂಟು ಸಂಪುಟಗಳಲ್ಲಿ ಅದಕ್ಕೆ ಉತ್ತರ ಬರೆದನು. ಸೆಲ್ಸಸನ ಗ್ರಂಥವು ಇಂದು ಉಳಿದಿಲ್ಲ. ಆದರೂ ಅದರ ಬಹುಭಾಗವನ್ನು ನಾವು ತಿಳಿಯಬಲ್ಲೆವು. ಏಕೆಂದರೆ ಒರಿಗೆನನು ಉತ್ತರಿಸುವ ಮೊದಲು ಎದುರಾಳಿಯ ಮಾತುಗಳನ್ನು ಒಂದೊಂದಾಗಿ ಎತ್ತಿ ಬರೆದನು. ಸೆಲ್ಸಸನು ತನ್ನ ಕೃತಿಯಲ್ಲಿ ಒಬ್ಬ ಯೆಹೂದ್ಯನ ಬಾಯಿಂದ ಆಡಿಸಿದ ಮಾತುಗಳನ್ನು ಅವನು ಹಾಗೆಂದೇ ಗುರುತಿಸಿದನು. ವಿರೋಧಿಯ ಧ್ವನಿ ಉಳಿದಿರುವುದು ಖಂಡಿಸಿದವನ ಪುಟಗಳಲ್ಲಿ.

ನಮ್ಮ ನಾಡಿನಲ್ಲಿಯೂ ಉಲ್ಲೇಖದ ಈ ಗೌರವವಿತ್ತು. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ವ್ಯಾಕರಣದ ಸೂತ್ರಗಳಿಗೆ ಹಿಂದಿನ ಕವಿಗಳ ಪ್ರಯೋಗಗಳನ್ನು ಲಕ್ಷ್ಯವಾಗಿ ಕೊಟ್ಟನು. ಆ ಕೃತಿಯನ್ನು ಸಂಪಾದಿಸಿದ ಫರ್ಡಿನೆಂಡ್ ಕಿಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಪದಗಳ ಅರ್ಥಕ್ಕೆ ಕಾವ್ಯಗಳಿಂದಲೂ ಗಾದೆಗಳಿಂದಲೂ ಪ್ರಯೋಗಗಳನ್ನು ಒದಗಿಸಿದರು. ಅರ್ಥವನ್ನು ತಾನಾಗಿ ಘೋಷಿಸದೆ, ಆಡಿದವರ ಮಾತಿನಿಂದಲೇ ಅದನ್ನು ತೋರಿಸಬೇಕೆಂಬುದು ಅವರಿಬ್ಬರ ನಿಷ್ಠೆ.

ಅಥೇನೆಯಲ್ಲಿ ಪೌಲನು ಮಾಡಿದ್ದೂ ನೆನೆಯತಕ್ಕದ್ದು. ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿ ಅವನು ಕಿಲಿಕ್ಯದ ಕವಿ ಅರಾಟಸನ ಮಾತೊಂದನ್ನು, ಅದು ಅವರ ಕವಿಗಳದ್ದೆಂದು ತಿಳಿಸಿಯೇ ಬಳಸುತ್ತಾನೆ. ಅರಾಟಸನ ಕಾವ್ಯದಲ್ಲಿ ಅದು ಜ್ಯೂಸ್ ದೇವತೆಯನ್ನು ಕುರಿತದ್ದು. ಪೌಲನು ಅದನ್ನು ಸೃಷ್ಟಿಕರ್ತನಾದ ದೇವರಿಗೆ ಅನ್ವಯಿಸಿ, ಅದರಿಂದಲೇ ವಿಗ್ರಹಗಳ ವಿಷಯದಲ್ಲಿ ತನ್ನ ತೀರ್ಮಾನವನ್ನು ಹೊರಡಿಸುತ್ತಾನೆ. ಮಾತು ಎಲ್ಲಿಂದ ಬಂತೆಂಬುದನ್ನು ಮರೆಮಾಡಿಲ್ಲ. ಅದನ್ನು ಎಲ್ಲಿಗೆ ಒಯ್ಯುತ್ತಿದ್ದೇನೆಂಬುದನ್ನೂ ಮರೆಮಾಡಿಲ್ಲ.

7. ಬರೆಯುವಾಗ

ಈ ವಿಚಾರಗಳಿಂದ ಕೆಲವು ಸರಳ ನಿಯಮಗಳು ಹುಟ್ಟುತ್ತವೆ. ನಾಲ್ಕು ಪದಗಳು ಸಾಕಾದಲ್ಲಿ ನಾಲ್ಕು ಸಾಲುಗಳು ಬೇಡ. ವಿಚಾರಿಸಲು ಸಿದ್ಧರಿರುವಷ್ಟನ್ನೇ ಉಲ್ಲೇಖಿಸಬೇಕು. ನಡುವೆ ಬಿಟ್ಟ ಭಾಗವನ್ನು ಚುಕ್ಕಿಗಳಿಂದ ತೋರಿಸಬೇಕು. ಬಿಟ್ಟ ಭಾಗವು ನಮ್ಮ ವಾದಕ್ಕೆ ವಿರುದ್ಧವಾಗಿದ್ದರೆ ಬಿಡಲೇಬಾರದು. ನೆನಪಿನಿಂದ ಬರೆದ ವಚನವನ್ನು ಪುಸ್ತಕ ತೆರೆದು ಸರಿನೋಡಬೇಕು. ಬಾಯಿಪಾಠವಾದ ವಚನಗಳಲ್ಲಿಯೇ ಹೆಚ್ಚು ತಪ್ಪುಗಳು ನುಸುಳುತ್ತವೆ. ಇನ್ನೊಬ್ಬರು ಉಲ್ಲೇಖಿಸಿದ್ದನ್ನು ಅವರಿಂದ ಎತ್ತಿಕೊಂಡಿದ್ದರೆ ಹಾಗೆಂದು ಹೇಳಬೇಕು. ಪ್ರತಿಯೊಂದು ಉಲ್ಲೇಖದ ನಂತರವೂ ನಮ್ಮನ್ನು ನಾವು ಕೇಳಿಕೊಳ್ಳಬೇಕು: ಈ ಸಾಲುಗಳನ್ನು ತೆಗೆದುಹಾಕಿದರೆ ನನ್ನ ವಾದಕ್ಕೆ ನಷ್ಟವಾಗುತ್ತದೆಯೇ? ಇಲ್ಲವೆಂದಾದರೆ ಅವು ಅಲ್ಲಿರಬೇಕಾಗಿಲ್ಲ.

ಆ ಸಾವಿನ ಮನೆಯಲ್ಲಿ ನಾವು ಉದ್ದವಾದ ವಿವರಣೆಯನ್ನು ಕೊಡಲಿಲ್ಲ. ತಾಯಿಯ ಕೈಯಲ್ಲಿದ್ದ ಪುಸ್ತಕದಲ್ಲಿ ಅಧ್ಯಾಯದ ಮೊದಲ ವಚನವನ್ನು ತೋರಿಸಿದೆವು. ಮಾತನಾಡುವವನ ಹೆಸರು ಅಲ್ಲಿತ್ತು. ಅನಂತರ ಕೊನೆಯ ಅಧ್ಯಾಯವನ್ನು ತೆರೆದು, ಅವನ ವಿಷಯದಲ್ಲಿ ದೇವರು ಕೊಟ್ಟ ತೀರ್ಪನ್ನು ಓದಿದೆವು. ಅವರು ಅದನ್ನು ತಾವೇ ಇನ್ನೊಮ್ಮೆ ಓದಿಕೊಂಡು, "ಹಾಗಾದರೆ ಇದು ಆ ಸ್ನೇಹಿತ ಹೇಳಿದ್ದು" ಎಂದು ಮೆಲ್ಲನೆ ಅಂದರು. ಮುಂದಿನ ಸಲ ಹೋದಾಗ ಗೋಡೆಯಲ್ಲಿ ಆ ಚೌಕಟ್ಟು ಇರಲಿಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಮುಂದೆ ಸಭೆಗಳಲ್ಲಿ ಪ್ರಸಂಗ ಮಾಡುವವರು, ಸಾವಿನ ಮನೆಗಳ ಹೊಸ್ತಿಲನ್ನು ತುಳಿಯುವವರು. ಮಾತನಾಡುವವನ ಹೆಸರನ್ನು ಹೇಳುವ ಅಭ್ಯಾಸ ಅವರಿಗೆ ಪ್ರಬಂಧದಲ್ಲಿಯೇ ಬೇರೂರಿದರೆ, ಅಲ್ಲಿ ದುಃಖದಲ್ಲಿರುವವರ ಮೇಲೆ ಬಿಲ್ದದನ ಮಾತನ್ನು ದೇವರ ಹೆಸರಿನಲ್ಲಿ ಹೊರಿಸಲಾರರು. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯು ನಾವು ಉಲ್ಲೇಖಿಸುವ ಲೇಖಕನನ್ನೂ ನಮ್ಮ ಮಾತನ್ನು ಕೇಳುವವನನ್ನೂ ನೆರೆಯವನೆಂದೇ ಎಣಿಸುತ್ತದೆ.